ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ

ಬ್ಯಾಂಕ್ ಖಾತೆ ಸಂಖ್ಯೆ ಎಂದರೆ ಬ್ಯಾಂಕೊಂದು ತನ್ನ ಲೆಕ್ಕದಲ್ಲಿ ಗ್ರಾಹಕರ ಒಂದು ಖಾತೆಯನ್ನು ಗುರುತಿಸಲು ನೀಡುವ ಸಂಖ್ಯೆ. ಆ ಖಾತೆಯು ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿದೆ ಎಂಬುದನ್ನು ಸೂಚಿಸುವ ಸಂಕೇತಕ್ಕೆ ಭಾರತದಲ್ಲಿ ಐಎಫ್‌ಎಸ್‌ಸಿ ಎಂದು ಹೆಸರು. ಇದು ‘ಇಂಡಿಯನ್ ಫೈನಾನ್ಶಿಯಲ್ ಸಿಸ್ಟಮ್ ಕೋಡ್’ ಎಂಬುದರ ಸಂಕ್ಷಿಪ್ತ ರೂಪ. ಇದೇ ಕೆಲಸವನ್ನು ಬ್ರಿಟನ್ನಿನಲ್ಲಿ ಆರು ಅಂಕಿಗಳ ಸಾರ್ಟ್ ಕೋಡ್, ಅಮೆರಿಕದಲ್ಲಿ ಒಂಬತ್ತು ಅಂಕಿಗಳ ರೂಟಿಂಗ್ ಸಂಖ್ಯೆ ನಿರ್ವಹಿಸುತ್ತವೆ. ಅಂಚೆಯ ವ್ಯವಹಾರಕ್ಕೆ ಹೋಲಿಸಿದರೆ ಐಎಫ್‌ಎಸ್‌ಸಿ ಪಿನ್ ಕೋಡಿನಂತೆ, ಖಾತೆ ಸಂಖ್ಯೆ ಮನೆಯ ಸಂಖ್ಯೆಯಂತೆ. ಆದರೆ ಅಂಚೆಯವನು ಲಕೋಟೆಯ ಮೇಲಿನ ಹೆಸರನ್ನೂ ಓದುತ್ತಾನೆ. ಬ್ಯಾಂಕಿನ ಯಂತ್ರವು ಸಾಮಾನ್ಯವಾಗಿ ಹೆಸರನ್ನು ಓದುವುದಿಲ್ಲ. ಈ ಸಂಖ್ಯೆಗಳ ಹಂಚಿಕೆಯಲ್ಲಿ ಇಷ್ಟೊಂದು ಎಚ್ಚರ ವಹಿಸುವುದಕ್ಕೆ ಮುಖ್ಯ ಕಾರಣ ಇದೇ.

ಲೆಡ್ಜರಿನ ಕಾಲ

ಗಣಕೀಕರಣಕ್ಕೆ ಮುಂಚೆ ಖಾತೆ ಸಂಖ್ಯೆಗೆ ಶಾಖೆಯ ಗೋಡೆಗಳ ಹೊರಗೆ ಅರ್ಥವಿರಲಿಲ್ಲ. ಪ್ರತಿಯೊಂದು ಶಾಖೆಯೂ ತನ್ನ ಉಳಿತಾಯ ಖಾತೆಗಳಿಗೆ ತಾನೇ ಕ್ರಮಾಂಕ ಕೊಡುತ್ತಿತ್ತು. ಭದ್ರಾವತಿಯ ಶಾಖೆಯಲ್ಲಿ ಎಸ್.ಬಿ. 512 ಎಂಬ ಖಾತೆ ಇದ್ದರೆ ಅದೇ ಬ್ಯಾಂಕಿನ ಶಿವಮೊಗ್ಗ ಶಾಖೆಯಲ್ಲಿಯೂ ಎಸ್.ಬಿ. 512 ಇರಬಹುದಾಗಿತ್ತು. ಇದರಿಂದ ತೊಂದರೆಯೇನೂ ಆಗುತ್ತಿರಲಿಲ್ಲ. ಹಣ ಕಟ್ಟುವವರೂ ಪಡೆಯುವವರೂ ಅದೇ ಕೌಂಟರಿಗೆ ಬರುತ್ತಿದ್ದರು. ಜನ್ನಾಪುರದಂತಹ ಬಡಾವಣೆಯಲ್ಲಿ ಗುಮಾಸ್ತರಿಗೆ ಖಾತೆದಾರರ ಮುಖ ಪರಿಚಯವೂ ಇರುತ್ತಿತ್ತು. ಬ್ಯಾಂಕಿನ ಎಲ್ಲ ಶಾಖೆಗಳ ಲೆಕ್ಕವನ್ನು ಒಂದೇ ಕೇಂದ್ರದಲ್ಲಿ ಇರಿಸುವ ‘ಕೋರ್ ಬ್ಯಾಂಕಿಂಗ್’ ಬಂದ ಮೇಲೆ, ಇಡೀ ಬ್ಯಾಂಕಿನಲ್ಲಿ ಒಂದು ಸಂಖ್ಯೆ ಒಂದೇ ಖಾತೆಗೆ ಸೇರಿರಬೇಕಾದುದು ಅನಿವಾರ್ಯವಾಯಿತು.

ಸಂಖ್ಯೆಯ ರಚನೆ

ಭಾರತದಲ್ಲಿ ಎಲ್ಲ ಬ್ಯಾಂಕುಗಳಿಗೂ ಅನ್ವಯಿಸುವ ಏಕರೂಪದ ಖಾತೆ ಸಂಖ್ಯೆ ಇಲ್ಲ. ಭಾರತೀಯ ಸ್ಟೇಟ್ ಬ್ಯಾಂಕಿನ ಖಾತೆ ಸಂಖ್ಯೆ 11 ಅಂಕಿಗಳದ್ದು. ಐಸಿಐಸಿಐ ಬ್ಯಾಂಕಿನದು 12. ಬ್ಯಾಂಕ್ ಆಫ್ ಬರೋಡಾದ್ದು 14. ಯೂನಿಯನ್ ಬ್ಯಾಂಕಿನದು 15. ರಚನೆಯಲ್ಲಿ ಎರಡು ಪದ್ಧತಿಗಳು ಕಾಣುತ್ತವೆ. ಮೊದಲನೆಯದರಲ್ಲಿ ಸಂಖ್ಯೆಯೊಳಗೇ ಶಾಖೆಯ ಹಾಗೂ ಖಾತೆಯ ಬಗೆಯ ಗುರುತು ಅಡಗಿರುತ್ತದೆ. ಕೆನರಾ ಬ್ಯಾಂಕಿನ ಹಳೆಯ 13 ಅಂಕಿಗಳ ಸಂಖ್ಯೆಯಲ್ಲಿ ಮೊದಲ ನಾಲ್ಕು ಅಂಕಿಗಳು ಶಾಖೆಯನ್ನು, ಮುಂದಿನ ಮೂರು ಖಾತೆಯ ಬಗೆಯನ್ನು ಹೇಳುತ್ತಿದ್ದವು. 101 ಎಂದಿದ್ದರೆ ಅದು ಉಳಿತಾಯ ಖಾತೆ. ಎರಡನೆಯ ಪದ್ಧತಿಯಲ್ಲಿ ಸಂಖ್ಯೆ ಏನನ್ನೂ ಹೇಳುವುದಿಲ್ಲ, ಸರದಿಯಂತೆ ಬರುತ್ತದೆ. ಸ್ಟೇಟ್ ಬ್ಯಾಂಕಿನದು ಈ ಬಗೆ. ಓದುವವರಿಗೆ ಮೊದಲನೆಯದು ಸೊಗಸಾಗಿ ತೋರಿದರೂ ಅನುಕೂಲ ಎರಡನೆಯದರಲ್ಲೇ ಹೆಚ್ಚು. ಖಾತೆಯನ್ನು ಬೇರೆ ಊರಿನ ಶಾಖೆಗೆ ವರ್ಗಾಯಿಸಿದಾಗ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಐಎಫ್‌ಎಸ್‌ಸಿ ಮಾತ್ರ ಬದಲಾಗುತ್ತದೆ.

ಅನೇಕ ಸಂಖ್ಯೆಗಳ ಕೊನೆಯಲ್ಲಿ ಒಂದು ತಾಳೆ ಅಂಕಿ ಇರುತ್ತದೆ. ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರುವ ಅಂಕಿ ಇದು. ಪ್ರತಿ ಬ್ಯಾಂಕಿನ ಸೂತ್ರ ಬೇರೆಯಾದರೂ ತತ್ತ್ವ ಒಂದೇ. ಇಲ್ಲಿ ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. 5274 ಎಂಬ ಕ್ರಮಾಂಕದ ಅಂಕಿಗಳನ್ನು ಅನುಕ್ರಮವಾಗಿ 1, 2, 3, 4ರಿಂದ ಗುಣಿಸಿ ಕೂಡಿದರೆ 5+4+21+16, ಅಂದರೆ 46. ಇದನ್ನು 11ರಿಂದ ಭಾಗಿಸಿದರೆ ಉಳಿಯುವ ಶೇಷ 2. ಆದುದರಿಂದ ಪೂರ್ಣ ಸಂಖ್ಯೆ 52742. ಯಾರಾದರೂ ಅವಸರದಲ್ಲಿ 7 ಮತ್ತು 4ನ್ನು ಅದಲುಬದಲು ಮಾಡಿ 52472 ಎಂದು ಬರೆದರೆ, ಮೊತ್ತ 49, ಶೇಷ 5 ಆಗುತ್ತದೆ. ಕೊನೆಯ ಅಂಕಿ 2ಕ್ಕೆ ತಾಳೆಯಾಗುವುದಿಲ್ಲ. ಅಂತಹ ಖಾತೆಯೇ ಇಲ್ಲವೆಂದು ಯಂತ್ರ ತಿಳಿಯುತ್ತದೆ, ಹಣ ಹಿಂದಿರುಗುತ್ತದೆ. ಅಂಕಿಗಳನ್ನು ಬರಿದೇ ಕೂಡಿದ್ದರೆ ಈ ತಪ್ಪು ಸಿಕ್ಕುತ್ತಿರಲಿಲ್ಲ, ಏಕೆಂದರೆ ಸ್ಥಾನ ಬದಲಾದರೂ ಮೊತ್ತ ಬದಲಾಗದು. ಯೂರೋಪಿನ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಲ್ಲಿ ಇದೇ ಉದ್ದೇಶಕ್ಕೆ ಎರಡು ಅಂಕಿಗಳಿವೆ; ಅಲ್ಲಿ ಭಾಜಕ 97.

ಐಎಫ್‌ಎಸ್‌ಸಿ ಮತ್ತು ಎಂಐಸಿಆರ್

ಐಎಫ್‌ಎಸ್‌ಸಿಯಲ್ಲಿ 11 ಸ್ಥಾನಗಳಿವೆ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನು, ಕೊನೆಯ ಆರು ಸ್ಥಾನಗಳು ಶಾಖೆಯನ್ನು ಸೂಚಿಸುತ್ತವೆ. ನಡುವಿನ ಐದನೆಯದು ಸೊನ್ನೆ. ಮುಂದಿನ ಅಗತ್ಯಕ್ಕೆಂದು ಕಾದಿರಿಸಿದ ಸ್ಥಾನ. ಇದನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ಬರೆಯುವುದು ಅರ್ಜಿಗಳಲ್ಲಿ ಕಾಣುವ ಸಾಮಾನ್ಯ ದೋಷ. ಆರ್‌ಟಿಜಿಎಸ್, ನೆಫ್ಟ್ ಮತ್ತು ಐಎಂಪಿಎಸ್ ವ್ಯವಸ್ಥೆಗಳು ಈ ಸಂಕೇತವನ್ನು ಬಳಸುತ್ತವೆ. ಐಎಫ್‌ಎಸ್‌ಸಿಯಲ್ಲಿ ತಾಳೆ ಅಂಕಿ ಇಲ್ಲ.

ಚೆಕ್ಕಿನ ಕೆಳಭಾಗದಲ್ಲಿ ಕಾಂತೀಯ ಶಾಯಿಯಿಂದ ಮುದ್ರಿಸುವ ಎಂಐಸಿಆರ್ ಸಂಕೇತ ಬೇರೆಯದು. ಅದರ ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ ಸಲ್ಲುತ್ತವೆ. ಊರಿನ ಅಂಕಿಗಳು ಸಾಮಾನ್ಯವಾಗಿ ಪಿನ್ ಕೋಡಿನ ಮೊದಲ ಮೂರು ಅಂಕಿಗಳೇ, ಬೆಂಗಳೂರಿಗೆ 560. ಬ್ಯಾಂಕಿನ ಅಂಕಿಗಳಲ್ಲಿ ಸ್ಟೇಟ್ ಬ್ಯಾಂಕಿಗೆ 002, ಕೆನರಾ ಬ್ಯಾಂಕಿಗೆ 015.

ಕರ್ನಾಟಕದ ಬ್ಯಾಂಕುಗಳ ವಿಲೀನ ಮತ್ತು ಸಂಕೇತಗಳ ಬದಲಾವಣೆ

ಸಂಕೇತಗಳ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಲು 2017ರಿಂದ 2021ರ ವರೆಗೆ ಕರ್ನಾಟಕದಲ್ಲಿ ನಡೆದುದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಈ ನಾಡಿನಲ್ಲಿ ಹುಟ್ಟಿದ ನಾಲ್ಕು ದೊಡ್ಡ ಬ್ಯಾಂಕುಗಳು ಆ ಅವಧಿಯಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು.

1913ರಲ್ಲಿ ಸ್ಥಾಪನೆಯಾಗಿ, ಜನರ ಬಾಯಲ್ಲಿ ಕೊನೆಯವರೆಗೂ ‘ಮೈಸೂರು ಬ್ಯಾಂಕ್’ ಆಗಿಯೇ ಇದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಖ್ಯೆಗಳ ದೃಷ್ಟಿಯಿಂದ ಇದು ಅತ್ಯಂತ ಸುಲಭವಾಗಿ ನಡೆದ ವಿಲೀನ. ಸ್ಟೇಟ್ ಬ್ಯಾಂಕ್ ಸಮೂಹದಲ್ಲಿ ಶಾಖೆಗಳ ಸಂಖ್ಯೆಗಳನ್ನು ಮೊದಲೇ ಪಾಲು ಮಾಡಿ ಇಡಲಾಗಿತ್ತು. ಮೈಸೂರು ಬ್ಯಾಂಕಿನ ಶಾಖೆಗಳು 040ರಿಂದ ಆರಂಭವಾಗುತ್ತಿದ್ದವು. ಹೀಗಾಗಿ ಐಎಫ್‌ಎಸ್‌ಸಿಯಲ್ಲಿ ‘ಎಸ್‌ಬಿಎಂವೈ’ ಇದ್ದ ಕಡೆ ‘ಎಸ್‌ಬಿಐಎನ್’ ಬಂದಿತು, ಅಂಕಿಗಳು ಉಳಿದವು. ಖಾತೆ ಸಂಖ್ಯೆಗಳೂ ಬದಲಾಗಲಿಲ್ಲ. 64ರಿಂದ ಆರಂಭವಾಗುವ ಸ್ಟೇಟ್ ಬ್ಯಾಂಕ್ ಖಾತೆಯನ್ನು ಕಂಡರೆ ಅದು ಮೈಸೂರು ಬ್ಯಾಂಕಿನ ಕಾಲದ್ದೆಂದು ಇಂದಿಗೂ ಊಹಿಸಬಹುದು.

ಸಿಂಡಿಕೇಟ್ ಬ್ಯಾಂಕಿನ ಸ್ಥಿತಿ ಬೇರೆಯಾಗಿತ್ತು. ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಎರಡೂ ಬ್ಯಾಂಕುಗಳು ಪ್ರತ್ಯೇಕವಾಗಿ ಬೆಳೆದವು. ಎರಡರಲ್ಲಿಯೂ ಒಂದೇ ಸಂಖ್ಯೆಯ ಶಾಖೆಗಳಿದ್ದವು. ಅಕ್ಷರಗಳನ್ನಷ್ಟೇ ಬದಲಾಯಿಸಿದರೆ ಒಂದೇ ಸಂಕೇತಕ್ಕೆ ಎರಡು ಶಾಖೆಗಳಾಗುತ್ತಿದ್ದವು. ಅದಕ್ಕಾಗಿ ಸಿಂಡಿಕೇಟ್ ಶಾಖೆಯ ಸಂಖ್ಯೆಗೆ 10,000 ಕೂಡಿಸಿದರು. 000123 ಎಂಬ ಶಾಖೆ ಇದ್ದರೆ ಅದು 010123 ಆಗುತ್ತದೆ, ಮುಂದೆ ‘ಸಿಎನ್‌ಆರ್‌ಬಿ’ ಸೇರುತ್ತದೆ. ಹಳೆಯ ‘ಎಸ್‌ವೈಎನ್‌ಬಿ’ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋದವು. ಯೂನಿಯನ್ ಬ್ಯಾಂಕಿನಲ್ಲಿ ಸೇರಿದ ಕಾರ್ಪೊರೇಷನ್ ಬ್ಯಾಂಕಿನ ಶಾಖೆಗಳಿಗೆ ಇದೇ ಉಪಾಯದಿಂದ 9ರ ಸಾಲು, ಅದರೊಡನೆ ಬಂದ ಆಂಧ್ರ ಬ್ಯಾಂಕಿಗೆ 8ರ ಸಾಲು ದೊರೆಯಿತು. 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದ ವಿಜಯಾ ಬ್ಯಾಂಕಿನ ಶಾಖೆಗಳಿಗೆ ಅಂಕಿಗಳ ಬದಲು ‘ವಿಜೆ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತಗಳು ಬಂದವು. ಬ್ಯಾಂಕಿನ ಹೆಸರು ಫಲಕದಿಂದ ಅಳಿದರೂ ಸಂಕೇತದಲ್ಲಿ ಎರಡಕ್ಷರವಾಗಿ ಉಳಿದಿದೆ.

ಹೆಸರು ಬದಲಾದಾಗಲೆಲ್ಲ ಸಂಕೇತ ಬದಲಾಗಬೇಕೆಂಬ ನಿಯಮವೇನೂ ಇಲ್ಲ. ಯುಟಿಐ ಬ್ಯಾಂಕ್ 2007ರಲ್ಲಿ ಆಕ್ಸಿಸ್ ಬ್ಯಾಂಕ್ ಆಯಿತು. ಅದರ ಸಂಕೇತ ಇಂದಿಗೂ ‘ಯುಟಿಐಬಿ’. ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಡನೆ ಸೇರಿ ಹೊಸ ಹೆಸರು ಪಡೆದ ಮೇಲೂ ‘ಪಿಕೆಜಿಬಿ’ ಬಳಕೆಯಲ್ಲಿ ಉಳಿಯಿತು.

ಹಳೆಯ ಸಂಕೇತ ನಿಂತಾಗ ಪೆಟ್ಟು ಬೀಳುವುದು ಅದನ್ನು ಎಲ್ಲೋ ಬರೆದುಕೊಟ್ಟು ಮರೆತವರಿಗೆ: ಭವಿಷ್ಯ ನಿಧಿಯ ಪಿಂಚಣಿದಾರರು, ವಿಮಾ ಪಾಲಿಸಿದಾರರು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳು. ಉಕ್ಕು ಮತ್ತು ಕಾಗದದ ಕಾರ್ಖಾನೆಗಳಿಂದ ನಿವೃತ್ತರಾದವರು ಹೆಚ್ಚಾಗಿರುವ ಭದ್ರಾವತಿಯಂತಹ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆಧಾರ್ ಮೂಲಕ ಬರುವ ಗೃಹಲಕ್ಷ್ಮಿಯಂತಹ ಹಣಕ್ಕೆ ಈ ತೊಡಕಿಲ್ಲ. ಅದು ಖಾತೆ ಸಂಖ್ಯೆ ಹಾಗೂ ಐಎಫ್‌ಎಸ್‌ಸಿಗಳನ್ನು ನೋಡದೆ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಹಣ ನಿರೀಕ್ಷಿಸಿದ ಖಾತೆಗೆ ಬಾರದೆ ಮರೆತುಹೋದ ಇನ್ನೊಂದು ಖಾತೆಗೆ ಬಿದ್ದಿರುವುದಕ್ಕೆ ಎಷ್ಟೋ ವೇಳೆ ಕಾರಣ ಇದೇ.

ಮುಚ್ಚಿದ ಖಾತೆಯ ಸಂಖ್ಯೆಯ ಮರುಬಳಕೆ

ಮುಚ್ಚಿದ ಖಾತೆಯ ಸಂಖ್ಯೆಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಇನ್ನೊಬ್ಬರಿಗೆ ಕೊಡುವುದಿಲ್ಲ. ಸಂಖ್ಯೆಗಳಿಗೆ ಬರವೂ ಇಲ್ಲ. ಹತ್ತು ಅಂಕಿಗಳಲ್ಲಿಯೇ ಸಾವಿರ ಕೋಟಿ ಸಂಖ್ಯೆಗಳನ್ನು ರಚಿಸಬಹುದು. ಮುಚ್ಚಿದ ಖಾತೆಗೆ ಹಳೆಯ ವಿವರ ಹಿಡಿದು ಯಾರಾದರೂ ಹಣ ಕಳುಹಿಸಿದರೆ ಅದು ಹಿಂದಿರುಗುತ್ತದೆ. ಆ ಸಂಖ್ಯೆ ಮತ್ತೊಬ್ಬರ ಪಾಲಾಗಿದ್ದರೆ ಹಣ ಅಪರಿಚಿತರ ಕೈ ಸೇರುತ್ತಿತ್ತು. ಅಕ್ರಮ ಹಣ ವರ್ಗಾವಣೆ ತಡೆ ಕಾನೂನಿನಂತೆ ಖಾತೆ ಮುಚ್ಚಿದ ಮೇಲೂ ಗ್ರಾಹಕರ ಗುರುತಿನ ದಾಖಲೆಗಳನ್ನು ಐದು ವರ್ಷ ಇಡಬೇಕು. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋದರೂ ಠೇವಣಿದಾರರ ಅಥವಾ ವಾರಸುದಾರರ ಹಕ್ಕು ನಶಿಸುವುದಿಲ್ಲ. ಅಂತಹ ಠೇವಣಿಗಳನ್ನು ಹುಡುಕಲು 2023ರ ಆಗಸ್ಟಿನಲ್ಲಿ ಉದ್ಗಮ್ ಎಂಬ ಜಾಲತಾಣ ಆರಂಭವಾಯಿತು.

ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಈ ರಕ್ಷಣೆಯಿಲ್ಲ. ರದ್ದಾದ ಸಂಖ್ಯೆಯನ್ನು 90 ದಿನಗಳ ನಂತರ ಇನ್ನೊಬ್ಬರಿಗೆ ನೀಡಬಹುದು. ಬ್ಯಾಂಕಿನ ಸಂದೇಶಗಳೂ ಒಂದು ಬಾರಿಯ ಪಾಸ್‌ವರ್ಡುಗಳೂ ಬರುವುದು ಅದೇ ಸಂಖ್ಯೆಗೆ. ಖಾತೆ ಸಂಖ್ಯೆಯನ್ನು ಭದ್ರವಾಗಿಟ್ಟು ಅದರ ಬೀಗದ ಕೈಯನ್ನು ಮೂರು ತಿಂಗಳಲ್ಲಿ ಕೈಬದಲಾಯಿಸುವ ಈ ಏರ್ಪಾಡು ವಿಚಿತ್ರವೇ ಸರಿ. ಸಿಮ್ ಬಿಡುವ ಮೊದಲು ಬ್ಯಾಂಕಿನಲ್ಲಿ ಮೊಬೈಲ್ ಸಂಖ್ಯೆ ಬದಲಾಯಿಸಿಕೊಳ್ಳುವುದು ಅಗತ್ಯ.

ತಪ್ಪು ಖಾತೆಗೆ ಹಣ ಹೋದಾಗ

2010ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, ವಿದ್ಯುನ್ಮಾನ ಪಾವತಿಗಳನ್ನು ಖಾತೆ ಸಂಖ್ಯೆಯೊಂದರ ಆಧಾರದ ಮೇಲೆಯೇ ಜಮಾ ಮಾಡಬಹುದು. ಸರಿಯಾದ ಸಂಖ್ಯೆ ಬರೆಯುವ ಹೊಣೆ ಕಳುಹಿಸುವವರದು. ತಾಳೆ ಅಂಕಿ ಹೆಚ್ಚಿನ ತಪ್ಪುಗಳನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಪಾವತಿಗೆ ಮೊದಲೇ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯ ಯುಪಿಐಯಲ್ಲಿ ಇತ್ತು. ಆರ್‌ಟಿಜಿಎಸ್ ಮತ್ತು ನೆಫ್ಟ್‌ಗಳಲ್ಲಿಯೂ ಅದನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತು.

ಆದರೂ ಹಣ ತಪ್ಪಿಹೋದರೆ ಕಳುಹಿಸಿದವರು ಕೂಡಲೇ ತಮ್ಮ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಆ ಬ್ಯಾಂಕು ಹಣ ಸೇರಿದ ಬ್ಯಾಂಕನ್ನು ಸಂಪರ್ಕಿಸುತ್ತದೆ. ಸಾಮಾನ್ಯವಾಗಿ ಖಾತೆದಾರರ ಒಪ್ಪಿಗೆ ಪಡೆದೇ ಹಣವನ್ನು ಹಿಂದಿರುಗಿಸುತ್ತಾರೆ. ಒಪ್ಪದಿದ್ದರೆ ಕಾನೂನಿನ ದಾರಿ ಇದೆ: 1872ರ ಭಾರತೀಯ ಕರಾರು ಅಧಿನಿಯಮದ 72ನೆಯ ಪ್ರಕರಣದಂತೆ, ತಪ್ಪಿನಿಂದ ತನಗೆ ಸಂದಾಯವಾದ ಹಣವನ್ನು ಪಡೆದವನು ಮರಳಿಸಲೇಬೇಕು. ಬ್ಯಾಂಕು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.