ಸೇರುವುದು, ಒಲಿಯುವುದು, ಒಲ್ಲೆನೆನ್ನುವುದು

ಇಂಗ್ಲಿಷ್ ಬಲ್ಲ ನಮ್ಮಲ್ಲಿ ಅನೇಕರು ಲೈಕಿಂಗ್, ಪ್ರಿಫರೆನ್ಸ್, ಇನ್‌ಕ್ಲಿನೇಷನ್, ಪ್ರೊಪೆನ್ಸಿಟಿ, ಪಾರ್ಷಿಯಾಲಿಟಿ ಎಂಬ ಶಬ್ದಗಳನ್ನೆಲ್ಲ ‘ಇಷ್ಟ’ವೆಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿದುಬಿಡುತ್ತೇವೆ. ಕನ್ನಡದಲ್ಲಿ ಅಷ್ಟು ಸೂಕ್ಷ್ಮಭೇದಗಳಿಲ್ಲವೆಂದು ಸಮಾಧಾನವನ್ನೂ ಹೇಳಿಕೊಳ್ಳುತ್ತೇವೆ. ಇದು ದಿಟವೇ ಎಂಬುದನ್ನು ಪರೀಕ್ಷಿಸಬೇಕಾದರೆ, ನಿಘಂಟನ್ನು ತೆರೆಯುವ ಮೊದಲು, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲುದಾರಿಯಲ್ಲಿ ಒಂದಾದ ಮೇಲೊಂದು ದೊರೆಯುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಜನರ ಮಾತಿಗೆ ಕಿವಿಗೊಡುವುದು ಲೇಸು.

ಬ್ಯಾಡಗಿಯ ಪೇಟೆಯಿಂದಲೇ ತೊಡಗೋಣ. ಅಲ್ಲಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಕೊಳ್ಳಬಂದವನು ರಾಶಿಯನ್ನು ನೋಡಿ ‘ಛಂದ ಐತಿ’ ಎಂದರೆ ಅದು ಲೈಕಿಂಗ್. ಅದಕ್ಕೆ ಒಂದೇ ವಸ್ತು ಸಾಕು. ಪ್ರಿಫರೆನ್ಸಿಗಾದರೋ ಎರಡಾದರೂ ಎದುರಿಗಿರಬೇಕು. ಗುಂಟೂರಿನ ಖಾರವನ್ನೂ ಬ್ಯಾಡಗಿಯ ಕೆಂಪನ್ನೂ ಮನಸ್ಸಿನಲ್ಲಿ ತೂಗಿ, ‘ಅದಕ್ಕಿಂತ ಇದು ವಾಸಿ’ ಎನ್ನುವುದೇ ಪ್ರಿಫರೆನ್ಸ್. ವಿಚಿತ್ರವೆಂದರೆ, ಇದರಲ್ಲಿ ಮೆಚ್ಚುಗೆ ಇರಲೇಬೇಕೆಂಬ ನಿಯಮವಿಲ್ಲ. ಖಾರವನ್ನು ಕಂಡರಾಗದ ನಮ್ಮ ನಗರವಾಸಿಯೂ ಎರಡರಲ್ಲೊಂದನ್ನು ತಿನ್ನಲೇಬೇಕಾಗಿ ಬಂದರೆ ಬ್ಯಾಡಗಿಯದನ್ನೇ ಆರಿಸಿಕೊಂಡಾನು!

ಇನ್‌ಕ್ಲಿನೇಷನ್ ಎಂಬುದರ ಮೂಲದಲ್ಲಿ ಬಾಗುವಿಕೆಯ ಅರ್ಥವಿದೆ. ವಾಲಿದ ಗೋಡೆ ಬಿದ್ದ ಗೋಡೆಯಲ್ಲ, ಮತ್ತೆ ನೆಟ್ಟಗಾಗಲೂಬಹುದು. ಪ್ರೊಪೆನ್ಸಿಟಿ ಎಂಬಲ್ಲಿ ಮನುಷ್ಯನು ಹಾಗೆ ಪದೇ ಪದೇ ಬಿದ್ದಿರುತ್ತಾನೆ. ಆದಕಾರಣವೇ ಅದು ಬಹುಮಟ್ಟಿಗೆ ಕೆಟ್ಟ ಚಾಳಿಗಳಿಗೆ ಸಲ್ಲುವ ಮಾತು. ಅದೂ ಮಿತಿಮೀರಿದಾಗ ರಾಣೆಬೆನ್ನೂರಿನವರು ‘ಅವಗ ಇಸ್ಪೀಟಿನ ನಾದ ಹತ್ತೈತಿ’ ಎನ್ನುವರು. ಪಾರ್ಷಿಯಾಲಿಟಿಯಲ್ಲಿ ಒಬ್ಬನ ಮೇಲಿನ ಒಲವಿನಿಂದ ಇನ್ನೊಬ್ಬನಿಗೆ ಅನ್ಯಾಯವಾಗುವ ಸಂಭವವುಂಟು.

ಆದರೆ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುವ ಭೇದವು ಹಾವೇರಿಯ ಮನೆಗಳಲ್ಲಿ ದಿನವೂ ಕೇಳಿಬರುವ ಎರಡು ಸಣ್ಣ ಮಾತುಗಳಲ್ಲಿದೆ: ‘ನನಗ ಸೇರೂದಿಲ್ಲ’ ಮತ್ತು ‘ನಾ ಒಲ್ಲೆ’. ಮೊದಲನೆಯದರಲ್ಲಿ ‘ನನಗೆ’ ಎಂಬ ಚತುರ್ಥಿ, ರುಚಿಯು ನನ್ನೆಡೆಗೆ ಬರಬೇಕು, ಬರಲಿಲ್ಲ, ನಾನೇನೂ ಮಾಡಿದವನಲ್ಲ. ಎರಡನೆಯದರಲ್ಲಿ ‘ನಾನು’ ಎಂಬ ಪ್ರಥಮೆ. ಇಲ್ಲಿ ಕರ್ತೃವು ನಾನೇ, ತೀರ್ಮಾನವೂ ನನ್ನದೇ. ಒಲವು, ಒಲುಮೆ, ಒಲ್ಲೆ ಮೂರೂ ಒಂದೇ ಧಾತುವಿನ ಮಕ್ಕಳು. ದೇವರು ಒಲಿಯುವನು, ವಿದ್ಯೆ ಒಲಿಯುವುದು; ನಿಷೇಧದಲ್ಲಿ ಮಾತ್ರ ಆ ಧಾತುವು ಪ್ರೀತಿಯನ್ನು ಬಿಟ್ಟು ಸಂಕಲ್ಪದ ಕಡೆಗೆ ಸರಿಯಿತು. ಸಕ್ಕರೆ ರೋಗದ ಮುದುಕರ ಮುಂದೆ ಹೋಳಿಗೆಯನ್ನಿಟ್ಟು ನೋಡಿರಿ: ‘ಸೇರತೈತಿ, ಆದರ ಒಲ್ಲೆ’ ಎಂದಾರು. ಎರಡನ್ನೂ ‘ಇಷ್ಟವಿಲ್ಲ’ವೆಂದು ಬರೆದರೆ ಪಾಪ, ಅವರ ಸಂಯಮವೆಲ್ಲ ಮಣ್ಣುಪಾಲಾಗುತ್ತದೆ.

ಹೋಳಿಗೆಯ ವಿಷಯದಲ್ಲಿ ನಷ್ಟವು ಅಲ್ಪ. ಹೆಣ್ಣು ನೋಡುವ ಶಾಸ್ತ್ರ ಮುಗಿದಿದೆಯೆನ್ನಿ. ಒಳಮನೆಯಲ್ಲಿ ತಾಯಿ ಕೇಳಿದ್ದಾಳೆ. ಮಗಳು ತಲೆ ತಗ್ಗಿಸಿ, ಆದರೂ ಸ್ಪಷ್ಟವಾಗಿ, ‘ಯವ್ವಾ, ನಾ ಒಲ್ಲೆ’ ಎಂದಿದ್ದಾಳೆ. ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ವರನಿಗೆ ಪತ್ರ ಬರೆಯುವ ಭಾರವು ಇಂಗ್ಲಿಷ್ ಬಲ್ಲ ಸೋದರಮಾವನದು. ಆತನು ಮರ್ಯಾದೆಗೆ ಅಂಜಿ, ಹುಡುಗಿಗೆ ಸದ್ಯಕ್ಕೆ ಅಷ್ಟಾಗಿ ಇನ್‌ಕ್ಲಿನೇಷನ್ ಇಲ್ಲವೆಂದು ಬರೆಯುತ್ತಾನೆ. ಅವಳು ಮುಚ್ಚಿದ ಬಾಗಿಲು ಈ ಒಂದು ಶಬ್ದದಿಂದ ಅರ್ಧ ತೆರೆದುಕೊಂಡಿತು. ಮುಂದಿನ ವಾರ ಇನ್ನೊಮ್ಮೆ ಬಂದು ಮಾತನಾಡುತ್ತೇವೆಂದು ವರನ ಕಡೆಯವರು ಉತ್ತರ ಕಳುಹಿಸಿದರೆ ಅವರನ್ನು ನಾವು ದೂರುವಂತಿಲ್ಲ.