ಬಿಂದು ಜರುಗಿದರೆ ಮಾಯವಾಗುವ ಏಳನೆಯದು

ಹಡಗಿನ ಮೈಯ ಬಾಗನ್ನು ಕಾಗದದ ಮೇಲೆ ಎಳೆಯಲು ಹಿಂದಿನ ನಕ್ಷೆಗಾರರ ಬಳಿ ಒಂದು ಸರಳ ಸಾಧನವಿತ್ತು: ಬಳುಕುವ ತೆಳ್ಳನೆಯ ಮರದ ಪಟ್ಟಿ. ಅಲ್ಲಲ್ಲಿ ಸೀಸದ ತೂಕಗಳನ್ನಿಟ್ಟು ಅದನ್ನು ಬೇಕಾದ ಬಿಂದುಗಳ ಮೂಲಕ ಹಾಯಿಸಿದರೆ ಸಾಕು, ಮಿಕ್ಕದ್ದನ್ನು ಪಟ್ಟಿಯೇ ನೋಡಿಕೊಳ್ಳುತ್ತಿತ್ತು. ಆ ಪಟ್ಟಿಯ ಹೆಸರು ಸ್ಪ್ಲೈನ್. 1946ರಲ್ಲಿ ಗಣಿತಜ್ಞ ಐಸಾಕ್ ಶೋನ್‌ಬರ್ಗ್ ಅದೇ ಹೆಸರನ್ನು ಬಹುಪದೋಕ್ತಿಗಳ ಒಂದು ಜೋಡಣೆಗೆ ಕೊಟ್ಟರು.

ಬಿಂದುಗಳು ಹೆಚ್ಚಿದಾಗ ಎಲ್ಲಕ್ಕೂ ಒಂದೇ ಬಹುಪದೋಕ್ತಿಯನ್ನು ಹೊಂದಿಸಹೊರಟರೆ ಅದು ಅಂಚುಗಳಲ್ಲಿ ವಿಪರೀತ ಓಲಾಡಬಹುದೆಂದು ಕಾರ್ಲ್ ರುಂಗೆ 1901ರಲ್ಲೇ ತೋರಿಸಿದ್ದರು. ಆದ್ದರಿಂದ ರೇಖೆಯನ್ನು ತುಂಡರಿಸಿ, ತುಂಡಿಗೊಂದು ಘನ ಬಹುಪದೋಕ್ತಿ ಇಟ್ಟು, ಸಂಧಿಗಳಲ್ಲಿ ಬೆಲೆ, ಇಳಿಜಾರು, ಇಳಿಜಾರು ಬದಲಾಗುವ ದರ ಮೂರೂ ಕೂಡುವಂತೆ ಮಾಡುತ್ತಾರೆ. ಲೆಕ್ಕ ಸುಲಭ. ನಾಲ್ಕು ತುಂಡುಗಳಿಗೆ 16 ಸಹಗುಣಕಗಳು. ಮೂರು ಸಂಧಿಗಳು ಒಡ್ಡುವ ಷರತ್ತುಗಳು 9. ನಮ್ಮ ಕೈಯಲ್ಲಿ ಉಳಿಯುವುದು 7. ಸಂಧಿಗಳು ಎಲ್ಲಿದ್ದರೂ ಉತ್ತರ ಅದೇ.

ಕಾರಿನ ಮೈ, ಗುಡ್ಡದ ಮೇಲ್ಮೈ ಇಂಥವಕ್ಕೆ ಚರಾಕ್ಷರಗಳು ಎರಡು ಬೇಕು. ಆಗ ತುಂಡುಗಳು ತ್ರಿಕೋನಗಳಾಗುತ್ತವೆ, ತಾಪತ್ರಯವೂ ಇಲ್ಲೇ ಶುರು. 1970ರ ದಶಕದಲ್ಲಿ ಮಾರ್ಗನ್ ಮತ್ತು ಸ್ಕಾಟ್ ಎಂಬಿಬ್ಬರು ಗಮನಿಸಿದ ಚಿತ್ರವೊಂದಿದೆ. ಪೆನ್ಸಿಲ್ ಹಿಡಿದು ನೀವೂ ಬರೆದು ನೋಡಿ. ಒಂದು ದೊಡ್ಡ ತ್ರಿಕೋನ, ಅದರೊಳಗೆ ತಲೆಕೆಳಗಾದ ಚಿಕ್ಕ ತ್ರಿಕೋನ. ಒಳಗಿನ ಪ್ರತಿ ಶೃಂಗವನ್ನೂ ಅದರ ಹತ್ತಿರದ ಹೊರಬದಿಯ ಎರಡು ತುದಿಗಳಿಗೆ ಸೇರಿಸಿ. ಒಟ್ಟು ಏಳು ತ್ರಿಕೋನಗಳಾದವು. ಒಂದೊಂದರಲ್ಲೂ ಎರಡನೇ ಘಾತದ ಬಹುಪದೋಕ್ತಿ ಇಟ್ಟು, ಬೆಲೆಯೂ ಇಳಿಜಾರೂ ಎಲ್ಲ ಗಡಿಗಳಲ್ಲಿ ಕೂಡಬೇಕು ಎನ್ನಿ. ಚಿತ್ರ ಅಚ್ಚುಕಟ್ಟಾಗಿ ಸಮಮಿತಿಯಿಂದಿದ್ದರೆ ಉಳಿಯುವ ಸ್ವಾತಂತ್ರ್ಯ 7. ಒಳಗಿನ ಒಂದು ಶೃಂಗವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ 6!

ಆ ಆರೂ ಹೊಸತಲ್ಲ. ದೊಡ್ಡ ತ್ರಿಕೋನಕ್ಕೆಲ್ಲ ಒಂದೇ ಬಹುಪದೋಕ್ತಿ ಇಟ್ಟಿದ್ದರೂ ಅಷ್ಟೇ ಸಹಗುಣಕಗಳಿರುತ್ತಿದ್ದವು. ಏಳು ತುಂಡು ಮಾಡಿದ ಶ್ರಮವೆಲ್ಲ ವ್ಯರ್ಥ. ಹೊರಗಿನ ಪ್ರತಿ ಶೃಂಗದಿಂದ ಎದುರಿನ ಒಳಶೃಂಗಕ್ಕೆ ಎಳೆದ ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಸಂಧಿಸಿದರೆ ಮಾತ್ರ ಏಳನೆಯದು ಸಿಗುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ಕತ್ತರಿಸುವಾಗ ಬಿಂದುಗಳು ಕೂದಲೆಳೆಯಷ್ಟಾದರೂ ಜರುಗುತ್ತವೆ. ಏಳನ್ನು ನಂಬಿ ಸಮೀಕರಣ ಹೂಡಿದ ಎಂಜಿನಿಯರನ ಗತಿ ಊಹಿಸಿಕೊಳ್ಳಿ.

ಇದಕ್ಕೆ ದಾರಿಯೂ ಇದೆ. ಲೋಹದ ಹಲಗೆ ಭಾರಕ್ಕೆ ಬಾಗುವ ಬಗೆಯನ್ನು ಲೆಕ್ಕ ಹಾಕಲು 1965ರಲ್ಲಿ ಕ್ಲಫ್ ಮತ್ತು ಟೋಚರ್ ಒಂದು ಉಪಾಯ ಹೂಡಿದರು. ಪ್ರತಿ ತ್ರಿಕೋನವನ್ನೂ ಒಳಗಿನ ಒಂದು ಬಿಂದುವಿನಿಂದ ಮೂರಾಗಿ ಸೀಳಿ, ಮೂರರಲ್ಲೂ ಘನ ಬಹುಪದೋಕ್ತಿ ಇಡುವುದು. ಮೂರು ಶೃಂಗಗಳಲ್ಲಿ ಬೆಲೆ ಮತ್ತು ಎರಡು ದಿಕ್ಕಿನ ಇಳಿಜಾರು, ಅಲ್ಲಿಗೆ 9. ಬದಿಗಳ ಮಧ್ಯಬಿಂದುಗಳಲ್ಲಿ ಲಂಬ ದಿಕ್ಕಿನ ಇಳಿಜಾರು, 3. ತ್ರಿಕೋನ ಹೇಗೇ ವಾಲಿದ್ದರೂ ಈ 12 ಕದಲುವುದಿಲ್ಲ.