ಕುಂಬಳದ ಸಸಿ ಎಲೆ ತಿಂದಿದ್ದು ಯಾರು?

ಕಳೆದ ವರ್ಷ ಅಜ್ಜಿ ತೀರಿಕೊಂಡ ಮೇಲೆ ತೀರ್ಥಹಳ್ಳಿ ಮನೆಯ ಅಟ್ಟ ಗುಡಿಸುವಾಗ ಅಮ್ಮನಿಗೆ ಒಂದು ಹಳೇ ಡಬ್ಬಿ ಸಿಕ್ತು. ಒಳಗೆ ಬೂದಿ, ಬೂದಿಯೊಳಗೆ ಸಿಹಿಗುಂಬಳದ 11 ಬೀಜ. ನಮ್ಮ ಕಡೆ ಅದಕ್ಕೆ ಚೀನಿಕಾಯಿ ಅಂತೀವಿ. ಅಜ್ಜಿ ಕೊನೆಯ ಸಲ ಬೆಳೆಸಿದ ಬಳ್ಳಿಯ ಬೀಜ ಅದು. ಊರಲ್ಲಿ ಮಂಗಗಳ ಕಾಟಕ್ಕೆ ಹಿತ್ತಲಲ್ಲಿ ಈಗ ಏನೂ ಉಳಿಯಲ್ಲ. ಹಾಗಾಗಿ ಹನ್ನೊಂದೂ ಬೀಜ ಕೊರಿಯರ್‌ನಲ್ಲಿ ಬೆಂಗಳೂರಿಗೆ, ನನ್ನ ಬಾಡಿಗೆ ಮನೆಯ ಟೆರೇಸಿಗೆ ಬಂದವು.

ಆರು ಬೀಜ ಗ್ರೋ ಬ್ಯಾಗಿಗೆ ಹಾಕಿದೆ, ಐದು ಎತ್ತಿಟ್ಟೆ. ಬ್ಯಾಕಪ್ ಇಲ್ಲದೆ ಯಾವುದನ್ನೂ ಲೈವ್ ಮಾಡಬಾರದು ಅನ್ನೋದು ನಮ್ಮ ಕೆಲಸ ಕಲಿಸಿದ ಬುದ್ಧಿ. ಒಂದು ವಾರದಲ್ಲಿ ಐದು ಸಸಿ ತಲೆ ಎತ್ತಿದವು. ಅಮ್ಮನಿಗೆ ಫೋಟೋ ಕಳಿಸಿದ್ದೇ ಕಳಿಸಿದ್ದು.

ಹತ್ತನೇ ದಿನ ನೋಡಿದರೆ ಎಲೆ ತುಂಬಾ ತೂತು.

ನಾನು ಮಾಡಿದ ಮೊದಲ ಕೆಲಸ, ಫೋನ್ ತೆಗೆದು ಹುಡುಕಿದ್ದು. ಅಲ್ಲಿ ಎಲ್ಲ ರೋಗದ ಫೋಟೋನೂ ನನ್ನ ಸಸಿಯ ಥರಾನೇ ಕಾಣಿಸ್ತಿತ್ತು! ಎರಡನೇ ಕೆಲಸ, ಬೇವಿನ ಎಣ್ಣೆ ಆರ್ಡರ್ ಮಾಡಿದ್ದು. ಬಾಟಲಿ ಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಅಂತ ಬರೆದಿತ್ತು. ಬೇಗ ವಾಸಿಯಾಗಲಿ ಅಂತ 15 ಹಾಕಿದೆ. ಶನಿವಾರ ರಜೆ, ಎದ್ದಿದ್ದೇ ಲೇಟು. ಬೆಳಿಗ್ಗೆ ಹನ್ನೊಂದರ ಸುಡುಬಿಸಿಲಲ್ಲಿ ಎಲೆ ತೊಯ್ಯುವಷ್ಟು ಹೊಡೆದೆ.

ಭಾನುವಾರ ಸಂಜೆಗೆ ಎಲೆಗಳ ಮೇಲೆ ಬಿಳಿಚಿದ, ಒಣಗಿದ ಕಾಗದದಂಥ ಮಚ್ಚೆಗಳು. ರೋಗ ಜಾಸ್ತಿ ಆಯ್ತು ಅಂದುಕೊಂಡೆ. ಮಂಗಳವಾರ ಒಂದು ಸಸಿ ಸತ್ತೇಹೋಯ್ತು. ಇನ್ನೇನು ಶಿಲೀಂಧ್ರನಾಶಕ ತರಿಸಬೇಕು ಅನ್ನುವಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್ ಬಂತು.

"ಎಲೆ ಹಿಂದೆ ತಿರುಗಿಸಿ ನೋಡಿದ್ಯನೋ?"

"ಇಲ್ಲಮ್ಮ."

"ಬೆಳಿಗ್ಗೆ ಎಷ್ಟೊತ್ತಿಗೆ ಹೋಗಿ ನೋಡ್ತೀಯ?"

"ಒಂಬತ್ತಕ್ಕೆ, ಕಾಫಿ ಕುಡಿದು..."

"ಕಳ್ಳ ಹೋದ್ಮೇಲೆ ಕಾವಲು ಕೂತ್ರೆ ಏನು ಬಂತು ಮಾರಾಯ?"

ಮಾರನೇ ದಿನ ಆರು ಗಂಟೆಗೇ ಟೆರೇಸ್ ಹತ್ತಿದೆ. ಎಲೆ ಮೇಲೆ ಮೂರು ಹುಳು ಆರಾಮಾಗಿ ಕೂತಿದ್ದವು. ಅಕ್ಕಿಕಾಳಿಗಿಂತ ತುಸು ದಪ್ಪ, ಹೊಳೆಯುವ ಕೇಸರಿ-ಕೆಂಪು ಬಣ್ಣ. ಇದೇ ಕುಂಬಳದ ಕೆಂಪು ದುಂಬಿ. ಕುಂಬಳ, ಸೌತೆ, ಸೋರೆ ಕುಟುಂಬದ ಎಳೆ ಸಸಿಗಳಿಗೆ ನಮ್ಮ ದೇಶದಲ್ಲಿ ದೊಡ್ಡ ಶತ್ರು. ಬೀಜ ಒಡೆದು ಮೊದಲು ಬರುವ ಎರಡು ದಪ್ಪನೆಯ ಎಲೆ ಇರುತ್ತಲ್ಲ, ಬೀಜದಳ, ಅದಂದ್ರೆ ಇದಕ್ಕೆ ಪಂಚಪ್ರಾಣ. ಸಸಿ ತನ್ನ ಕಾಲ ಮೇಲೆ ನಿಲ್ಲೋವರೆಗೆ ಅದರ ಊಟ ಇರೋದೇ ಆ ಎರಡು ಎಲೆಯಲ್ಲಿ. ಅದು ಹೋದರೆ ಸಸಿಯೇ ಹೋಗಬಹುದು. ಐದಾರು ಎಲೆ ಬಿಟ್ಟ ಬಳ್ಳಿಯಾದರೆ ಅಷ್ಟೇ ತೂತನ್ನು ತಡ್ಕೊಳ್ಳುತ್ತೆ.

ತಿನ್ನುವ ರೀತಿ ನೋಡಿ ಕೋಪದ ಜೊತೆ ಆಶ್ಚರ್ಯನೂ ಆಯ್ತು. ಮೊದಲು ಎಲೆಯಲ್ಲಿ ದುಂಡಗೆ ಒಂದು ಗೆರೆ ಕೊರೆಯುತ್ತೆ, ಆಮೇಲೆ ಅದರೊಳಗಿನ ಭಾಗ ತಿನ್ನುತ್ತೆ. ಕಚ್ಚಿದ ಜಾಗಕ್ಕೆ ಗಿಡ ತನ್ನ ರಸ ಹರಿಸದ ಹಾಗೆ ದಾರಿ ಕಟ್ ಮಾಡುವ ಉಪಾಯ ಇದು. ತೂತುಗಳ ಪಕ್ಕದಲ್ಲಿ ಅರ್ಧ ಬಳೆಯಂಥ ಗೀರು ಕಂಡರೆ ದುಂಬಿಯ ಕೆಲಸ ಅಂತ ತಿಳ್ಕೊಳ್ಳಿ. ಬೆಳಗಿನ ತಂಪಲ್ಲಿ ಅದು ಮಂಕಾಗಿರುತ್ತೆ, ಕೈಗೆ ಸಿಗುತ್ತೆ. ಬಿಸಿಲೇರಿದ ಮೇಲೆ ಹೋದರೆ ಹಾರಿಬಿಡುತ್ತೆ. ಕೆಳಗೆ ಸೋಪಿನ ನೀರಿನ ಬಟ್ಟಲು ಹಿಡಿದು ಎಲೆ ಅಲ್ಲಾಡಿಸಿದರೆ ಸಾಕು. ಮೊಟ್ಟೆ ಇಡೋದು ಬುಡದ ಹಸಿ ಮಣ್ಣಲ್ಲಿ, ಮರಿಹುಳು ಬೇರು ತಿನ್ನುತ್ತೆ. ಎಲೆ ಮೇಲೆ ಮಾತ್ರ ಕಣ್ಣಿಟ್ಟರೆ ಸಾಲದು, ಬುಡದ ಮಣ್ಣನ್ನೂ ಆಗಾಗ ಸಡಿಲ ಮಾಡಬೇಕು. ಅಜ್ಜಿ ದಿನಾ ಬೆಳಿಗ್ಗೆ ಎಲೆ ಮೇಲೆ ಒಲೆ ಬೂದಿ ಉದುರಿಸ್ತಿದ್ದದ್ದು ಯಾಕೆ ಅಂತ ನನಗೆ ಈಗ ಗೊತ್ತಾಯ್ತು. ಬೆಂಗಳೂರಲ್ಲಿ ಒಲೆ ಬೂದಿ ಎಲ್ಲಿ ತರೋದು? ಸೊಳ್ಳೆ ಪರದೆಯ ತುಂಡು ತಂದು ಮುಚ್ಚಿದೆ. ಹೂವು ಬಿಡುವಾಗ ಅದನ್ನ ತೆಗೀಬೇಕು, ಇಲ್ಲಾಂದ್ರೆ ಜೇನುನೊಣ ಬರಲ್ಲ.

ಸರಿ, ತೂತಿಗೆ ಉತ್ತರ ಸಿಕ್ತು. ಬಿಳಿ ಮಚ್ಚೆ?

ಅದು ನನ್ನದೇ ಕೃಪೆ. ಮೂರು ಪಟ್ಟು ಎಣ್ಣೆ, ಮೇಲಿಂದ ಹನ್ನೊಂದರ ಬಿಸಿಲು. ಎಲೆ ಸುಟ್ಟಿತ್ತು. ಇದನ್ನ ಹಿಡಿಯೋದು ಸುಲಭ. ಸ್ಪ್ರೇ ಮಾಡಿದ ದಿನ ಇದ್ದ ಎಲೆಗಳಲ್ಲಿ ಮಾತ್ರ ಮಚ್ಚೆ ಇತ್ತು, ಆಮೇಲೆ ಬಂದ ಎಲೆ ಶುದ್ಧವಾಗಿತ್ತು. ರೋಗವಾಗಿದ್ದರೆ ಹರಡಬೇಕಿತ್ತು. ನೆರಳಲ್ಲಿದ್ದ ಸಸಿಯನ್ನ ದಿಢೀರನೆ ಬಿಸಿಲಿಗೆ ತಂದಿಟ್ಟರೂ ಇಂಥದ್ದೇ ಮಚ್ಚೆ ಬರುತ್ತೆ. ಸತ್ತ ಸಸಿಯ ಬೀಜದಳ ಅರ್ಧ ತಿಂದದ್ದು ದುಂಬಿ, ಉಳಿದರ್ಧ ಸುಟ್ಟಿದ್ದು ನಾನು. ಅಮ್ಮನಿಗೆ ದುಂಬಿಯ ಹೆಸರು ಮಾತ್ರ ಹೇಳಿದ್ದೀನಿ.

ಫೋಟೋ ನೋಡಿದ ನನ್ನ ರೂಮ್‌ಮೇಟ್‌ಗೆ ಇನ್ನೊಂದು ಗಾಬರಿ. ಎಲೆಯ ನರಗಳು ಕವಲೊಡೆಯುವ ಕಡೆ ಬೆಳ್ಳಿ ಬಣ್ಣದ ಚುಕ್ಕೆ ಇತ್ತು, "ಬೂದಿ ರೋಗ ಕಣೋ" ಅಂದ. ಬೆರಳಲ್ಲಿ ಉಜ್ಜಿ ನೋಡಿದೆ, ಹೋಗಲಿಲ್ಲ. ಸಿಹಿಗುಂಬಳದ ಎಷ್ಟೋ ತಳಿಗಳಿಗೆ ಅದು ಹುಟ್ಟುಗುಣ. ಬೂದಿ ರೋಗದ ಪುಡಿಯಾದರೆ ಬೆರಳಿಗೆ ಅಂಟುತ್ತೆ. ಹಾಗೇ ಬೀಜದಳ ಹಳದಿಯಾಯ್ತು ಅಂತ ಹೆದರುವವರೂ ಇದ್ದಾರೆ. ನಾಲ್ಕೈದು ನಿಜವಾದ ಎಲೆ ಬಂದ ಮೇಲೆ ಅದು ಹಳದಿಯಾಗಿ ಉದುರೋದು ಸಹಜ. ಮೊದಲೇ ಹಳದಿಯಾದರೆ ನೀರು ಜಾಸ್ತಿ ಆಗಿದೆಯಾ ಅಂತ ಮಣ್ಣಿಗೆ ಬೆರಳು ಚುಚ್ಚಿ ನೋಡಿ.

ಎಲೆಯೊಳಗೆ ಬಿಳಿ ಅಂಕುಡೊಂಕು ಗೆರೆ ಇದ್ದರೆ ರಂಗೋಲಿ ಹುಳು. ಎಲೆಯನ್ನ ಬೆಳಕಿಗೆ ಹಿಡಿದರೆ ಗೆರೆಯ ತುದಿಯಲ್ಲಿ ಹುಳು ಕಾಣಬಹುದು. ಒಂದೆರಡು ಎಲೆಗಾದರೆ ಚಿಂತೆ ಬೇಡ. ಅಂಚಿಂದ ಅಂಕಡೊಂಕಾಗಿ ತಿಂದು, ಪಕ್ಕದಲ್ಲಿ ಹೊಳೆಯುವ ಅಂಟಿನ ಜಾಡು ಬಿಟ್ಟಿದ್ದರೆ ಬಸವನಹುಳು. ಅದನ್ನ ಹಿಡಿಯೋಕೆ ರಾತ್ರಿ ಟಾರ್ಚ್ ಬೇಕು.

ಉಳಿದ ನಾಲ್ಕರಲ್ಲಿ ಒಂದು ಸಸಿ ಮಾತ್ರ ಯಾಕೋ ಸುಧಾರಿಸಲೇ ಇಲ್ಲ. ಎಲೆ ಚಿಕ್ಕದು, ಮುದುಡಿದ್ದು, ಹಳದಿ-ಹಸಿರು ತೇಪೆ ಹಾಕಿದ ಹಾಗೆ. ಎಣ್ಣೆಯ ಏಟು ಇರಬಹುದು ಅಂತ ಹೊಸ ಎಲೆಗೆ ಕಾದೆ. ಹೊಸದೂ ಹಾಗೇ ಬಂತು, ಅದರ ಮುಂದಿನದೂ ಹಾಗೇ. ಅಮ್ಮ ವಿಡಿಯೋದಲ್ಲಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಜು ರೋಗ. ಕಿತ್ತು ಹಾಕು."

ಇದಕ್ಕೆ ಔಷಧಿ ಇಲ್ಲ. ಗಿಡಹೇನು, ಬಿಳಿನೊಣ ಇದರ ರಸ ಹೀರಿ ಪಕ್ಕದ ಸಸಿಗೆ ಕೂತರೆ ಅದಕ್ಕೂ ಅಂಟುತ್ತೆ. ಗೊತ್ತಿದ್ದೂ ಎರಡು ದಿನ ಕೈ ಬರಲಿಲ್ಲ. ಅಂಗಡಿ ಬೀಜವಾಗಿದ್ದರೆ ಇಷ್ಟು ಯೋಚನೆ ಮಾಡ್ತಿರಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್‌ನಂಥ ಒಳ್ಳೆ ತಳಿ ಇವೆ, ಇನ್ನೊಂದು ಪ್ಯಾಕೆಟ್ ತಂದ್ರೆ ಮುಗೀತು. ಅಜ್ಜಿಯ ಬೀಜ ಎಲ್ಲಿಂದ ತರಲಿ? ಮೂರನೇ ದಿನ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಮೊದಲು ಬೇರು ಸಮೇತ ಕಿತ್ತು ಕವರಿಗೆ ಹಾಕಿ ಕಟ್ಟಿದೆ. ಉಳಿದ ಸಸಿ ಮುಟ್ಟುವ ಮೊದಲು ಕೈ ತೊಳೆದುಕೊಂಡೆ.

ಈಗ ಮೂರಿವೆ. ದೊಡ್ಡದರ ಕುಡಿಬಳ್ಳಿ ಟೆರೇಸಿನ ಕಂಬಿ ಹಿಡಿದಿದೆ. ಕಾಯಿ ಬಿಟ್ಟರೆ ಮೊದಲನೆಯದು ಕಡುಬಿಗಲ್ಲ, ಬೀಜಕ್ಕೆ ಅಂತ ಅಮ್ಮನ ಆರ್ಡರ್ ಆಗಿದೆ. ನಿನ್ನೆ ಬೆಳಿಗ್ಗೆ ಆರಕ್ಕೆ ಹೋದಾಗ ಏಳನೇ ಎಲೆಯಲ್ಲಿ ಒಂದು ರಂಗೋಲಿ ಗೆರೆ ಕಂಡಿತು. ಏನೂ ಹೊಡೆದಿಲ್ಲ. ನಾಳೆ ಗೆರೆ ಎಷ್ಟು ಉದ್ದವಾಗಿದೆ ನೋಡ್ತೀನಿ.